ನಗು ಮರೆತ ಮನೆಗೆ ಮೊಬೈಲೇ ಯಜಮಾನ

ಮನರಂಜನೆಯ ಮಾತು ಬಂದಾಗಲೆಲ್ಲ ನಮ್ಮ ಸಮುದಾಯದಲ್ಲಿ ಎರಡು ಧ್ವನಿಗಳು ಕೇಳಿಸುತ್ತವೆ. ಆಟ ವಿನೋದಗಳೆಲ್ಲ ಕಾಲಹರಣ, ದೇವಭಯವುಳ್ಳವರ ಮನೆಗೆ ಅವು ಶೋಭಿಸುವುದಿಲ್ಲ ಎನ್ನುತ್ತದೆ ಒಂದು ಧ್ವನಿ. ಈ ಕಾಲದಲ್ಲಿ ಹೆಂಡತಿ ಮಕ್ಕಳಿಗೆ ಸಂತೋಷ ಕೊಡಬೇಕಾದರೆ ಕೈತುಂಬ ಹಣ ಬೇಕು, ಮಾಲ್ ಮತ್ತು ರೆಸಾರ್ಟ್ ಇಲ್ಲದ ರಜೆ ರಜೆಯೇ ಅಲ್ಲ ಎನ್ನುತ್ತದೆ ಇನ್ನೊಂದು ಧ್ವನಿ. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವಾದ ವಾದಗಳು. ಆದರೆ ಎರಡರ ಫಲವೂ ಒಂದೇ ಆಗಿದೆ. ಮೊದಲನೆಯ ವಾದವು ಆಟವನ್ನು ಮನೆಯಿಂದ ಹೊರಗಟ್ಟಿತು. ಎರಡನೆಯ ವಾದವು ಅದನ್ನು ಬಡವನ ಕೈಗೆಟುಕದಂತೆ ಮಾಡಿತು. ಹೀಗೆ ತೆರವಾದ ಜಾಗದಲ್ಲಿ ಮೊಬೈಲ್ ಬಂದು ಕುಳಿತುಕೊಂಡಿತು.

ಇಂದು ಇಶಾ ನಮಾಝಿನ ನಂತರ ನಮ್ಮ ಬಹುಪಾಲು ಮನೆಗಳ ದೃಶ್ಯ ಹೇಗಿರುತ್ತದೆ? ತಂದೆಯ ಕೈಯಲ್ಲಿ ಒಂದು ಫೋನು, ತಾಯಿಯ ಕೈಯಲ್ಲಿ ಇನ್ನೊಂದು, ಮಗನ ಕಿವಿಯಲ್ಲಿ ಇಯರ್‌ಫೋನು. ಊಟ ಮಾಡಿಸಲೆಂದು ಪುಟ್ಟ ಮಗುವಿನ ಮುಂದೆಯೂ ಒಂದು ಪರದೆ. ಮೂಲೆಯಲ್ಲಿ ಕುಳಿತ ಅಜ್ಜಿಯ ಬಳಿ ಮಾತ್ರ ಏನೂ ಇಲ್ಲ, ಯಾರೂ ಇಲ್ಲ. ಕೇರಂ ಬೋರ್ಡನ್ನು ‘ವ್ಯರ್ಥ’ ಎಂದು ಅಟ್ಟಕ್ಕೇರಿಸಿದ ಮನೆಯಲ್ಲೂ ಇದೇ ದೃಶ್ಯ. ಮಕ್ಕಳನ್ನು ವಾರವಾರವೂ ಮಾಲ್‌ಗೆ ಕರೆದೊಯ್ಯುವ ಮನೆಯಲ್ಲೂ ಇದೇ ದೃಶ್ಯ. ಆದುದರಿಂದ ಈ ಲೇಖನದ ವಾದವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಮನೆಮಂದಿ ಒಟ್ಟಿಗೆ ಕುಳಿತು ಆಡುವುದು, ಕತೆ ಹೇಳುವುದು, ನಗುವುದು ವ್ಯರ್ಥ ಕಾರ್ಯವಲ್ಲ. ಅದು ಕುಟುಂಬದ ಹಕ್ಕು. ಆ ಹಕ್ಕನ್ನು ಪೂರೈಸಲು ಹಣ ಬೇಕಿಲ್ಲ, ಮನಸ್ಸು ಬೇಕು.

ಮುಖ ಗಂಟಿಕ್ಕುವುದು ಭಕ್ತಿಯಲ್ಲ

ಗಾಂಭೀರ್ಯವೇ ಧಾರ್ಮಿಕತೆ ಎಂದು ಭಾವಿಸಿರುವವರು ಪ್ರವಾದಿವರ್ಯರ(ಸ) ಮನೆಯನ್ನೊಮ್ಮೆ ನೋಡಲಿ. ಹ. ಆಯಿಶಾರೊಂದಿಗೆ(ರ) ಅವರು ಓಟದ ಪಂದ್ಯ ಹೂಡಿದ್ದರು. ಮೊದಲ ಬಾರಿ ಆಯಿಶಾ(ರ) ಗೆದ್ದರು. ಕೆಲವು ಕಾಲದ ಬಳಿಕ, ಅವರ ಮೈ ತುಂಬಿಕೊಂಡಿದ್ದಾಗ ಮತ್ತೆ ಓಡಿದರು, ಈ ಬಾರಿ ಪ್ರವಾದಿ(ಸ) ಗೆದ್ದರು. ಅಂದಿನ ಸೋಲಿಗೆ ಇದು ಸರಿಯಾಯಿತು ಎಂಬರ್ಥದ ಮಾತನ್ನಾಡಿ ಅವರು ವಿನೋದಪಟ್ಟರೆಂದು ಅಬೂದಾವೂದ್‌ನ ವರದಿಯಲ್ಲಿದೆ. ಪತ್ನಿಯೊಂದಿಗೆ ನಡೆದ ಹಳೆಯ ಓಟದ ಸೋಲು ಗೆಲುವನ್ನು ನೆನಪಿಟ್ಟುಕೊಂಡು ತಮಾಷೆ ಮಾಡುವಷ್ಟು ಬಿಡುವು, ಒಂದು ಸಮಾಜವನ್ನೇ ಕಟ್ಟುತ್ತಿದ್ದ ಆ ಮಹಾತ್ಮರಿಗಿತ್ತು. ನಮಗಿಲ್ಲ!

ಈದ್‌ನ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಗಳ ಆಟ ಪ್ರದರ್ಶಿಸುತ್ತಿದ್ದಾಗ, ಪತ್ನಿಗೆ ಅದನ್ನು ನೋಡುವ ಆಸೆಯಿದೆಯೆಂದು ಅರಿತು, ಅವರನ್ನು ತಮ್ಮ ಹೆಗಲ ಹಿಂದೆ ನಿಲ್ಲಿಸಿಕೊಂಡು ತೋರಿಸಿದರು. ಅವರಿಗೆ ಸಾಕೆನಿಸುವ ತನಕ ಕದಲದೆ ನಿಂತರು. ಇದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಹನ್ನೊಂದು ಮಹಿಳೆಯರು ತಮ್ಮ ಗಂಡಂದಿರ ಗುಣಾವಗುಣಗಳನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ ಆ ದೀರ್ಘ ಕತೆಯನ್ನು ಆಯಿಶಾ(ರ) ಹೇಳುತ್ತಿದ್ದಾಗ ಪ್ರವಾದಿ(ಸ) ಕೊನೆಯವರೆಗೂ ಕೇಳಿಸಿಕೊಂಡರು. ಕತೆಯ ಕೊನೆಯಲ್ಲಿ ಬರುವ ಉಮ್ಮು ಝರ್‌ಅ ಎಂಬಾಕೆಗೆ ಆಕೆಯ ಪತಿ ಹೇಗಿದ್ದನೋ ಹಾಗೆ ತಾನು ನಿನಗಿದ್ದೇನೆ ಎಂದು ಪ್ರೀತಿಯಿಂದ ನುಡಿದರು. ಇಂದು ಹೆಂಡತಿ ಹೇಳುವ ಎರಡು ಮಾತನ್ನು ಫೋನಿನಿಂದ ಕಣ್ಣೆತ್ತದೆ ಕೇಳುವ ಗಂಡಸರು ಈ ವರದಿಯನ್ನು ಎಷ್ಟು ಬಾರಿ ಓದಿದರೂ ಕಡಿಮೆಯೇ.

ಮಕ್ಕಳ ವಿಷಯದಲ್ಲಂತೂ ಉದಾಹರಣೆಗಳಿಗೆ ಕೊರತೆಯಿಲ್ಲ. ಹ. ಅನಸ್‌ರ(ರ) ಪುಟ್ಟ ತಮ್ಮ ಅಬೂ ಉಮೈರ್‌ನ ಹಕ್ಕಿ ಸತ್ತಾಗ ಪ್ರವಾದಿ(ಸ) ಅವನ ಹೆಸರಿಗೆ ಹಕ್ಕಿಯ ಹೆಸರನ್ನು ಪ್ರಾಸವಾಗಿ ಹೊಂದಿಸಿ ಮಾತನಾಡಿಸಿದರು. ಸುಜೂದ್‌ನಲ್ಲಿದ್ದಾಗ ಮೊಮ್ಮಗ ಬೆನ್ನೇರಿದರೆ ಅವನ ಆಸೆ ತೀರಲೆಂದು ಸುಜೂದನ್ನೇ ದೀರ್ಘಗೊಳಿಸಿದರು. ತನಗೆ ಹತ್ತು ಮಕ್ಕಳಿದ್ದರೂ ಒಬ್ಬರನ್ನೂ ಮುದ್ದಿಸಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡವನಿಗೆ, ಕರುಣೆ ತೋರದವನಿಗೆ ಕರುಣೆ ಸಿಗದು ಎಂಬ ಎಚ್ಚರಿಕೆಯನ್ನಿತ್ತರು. ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗಿರುವಾಗ ಮಸೀದಿಯಲ್ಲಿನ ಭಕ್ತಿಭಾವ ಉಳಿಯುವುದಿಲ್ಲವಲ್ಲ, ತಾನು ಕಪಟಿಯಾದೆನೇನೋ ಎಂದು ಹ. ಹನ್‌ಝಲಾ(ರ) ಕಳವಳಗೊಂಡಾಗ ಪ್ರವಾದಿ(ಸ) ಅವರನ್ನು ಗದರಿಸಲಿಲ್ಲ. ಅದಕ್ಕೊಂದು ಹೊತ್ತು, ಇದಕ್ಕೊಂದು ಹೊತ್ತು ಎಂದು ಸಮಾಧಾನಪಡಿಸಿದರು. ಹೀಗಿರುವಾಗ ಮನೆಯೊಳಗಿನ ನಗುವನ್ನು ಧರ್ಮದ ಹೆಸರಲ್ಲಿ ಅಡಗಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಮಿತಿಗಳು ಸ್ಪಷ್ಟವಾಗಿವೆ

ಇದರರ್ಥ ಎಲ್ಲವೂ ಸಮ್ಮತ ಎಂದಲ್ಲ. ಜೂಜನ್ನು ಪವಿತ್ರ ಕುರ್‌ಆನ್ ಮದ್ಯದ ಜೊತೆಗೇ ನಿಷೇಧಿಸಿದೆ (5:90). ಪರಸ್ಪರ ಗೇಲಿ ಮಾಡುವುದನ್ನು, ಅಡ್ಡಹೆಸರಿಟ್ಟು ಅವಮಾನಿಸುವುದನ್ನು ತಡೆದಿದೆ (49:11). ದಾಳ ಉರುಳಿಸುವ ಆಟದ ಬಗ್ಗೆ ಹದೀಸ್‌ನಲ್ಲಿ ಕಠಿಣವಾದ ಮಾತಿದೆ, ಹೆಚ್ಚಿನ ವಿದ್ವಾಂಸರು ಅದನ್ನು ನಿಷಿದ್ಧವೆಂದೇ ತಿಳಿದಿದ್ದಾರೆ. ಚದುರಂಗದ ಕುರಿತು ಭಿನ್ನಾಭಿಪ್ರಾಯವಿದೆ. ಹನಫಿ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಪಣವಿಲ್ಲದಿದ್ದರೆ, ನಮಾಝಿಗೆ ಅಡ್ಡಿಯಾಗದಿದ್ದರೆ ಅದು ಹರಾಮ್ ಅಲ್ಲ, ಆದರೆ ಮೆಚ್ಚತಕ್ಕದ್ದೂ ಅಲ್ಲ ಎಂಬುದು ಶಾಫಿಈ ವಿದ್ವಾಂಸರ ಪ್ರಸಿದ್ಧ ನಿಲುವು. ನಮ್ಮ ರಾಜ್ಯದ ಕರಾವಳಿಯ ಬ್ಯಾರಿ ಮತ್ತು ನವಾಯತ್ ಕುಟುಂಬಗಳು ಶಾಫಿಈ ಮದ್‌ಹಬ್‌ನವು, ಒಳನಾಡಿನ ಬಹುಪಾಲು ಕುಟುಂಬಗಳು ಹನಫಿ ಮದ್‌ಹಬ್‌ನವು. ಒಬ್ಬರ ಮನೆಯಲ್ಲಿ ಆಡುವುದನ್ನು ಇನ್ನೊಬ್ಬರು ಬಿಟ್ಟಿದ್ದರೆ ಅದರಲ್ಲಿ ಜಗಳಕ್ಕೆ ಕಾರಣವಿಲ್ಲ. ಸಂಶಯವಿದ್ದ ಆಟವನ್ನು ಬಿಡೋಣ. ದಾಳವಿಲ್ಲದ, ಪಣವಿಲ್ಲದ ಆಟಗಳು ಬೇಕಾದಷ್ಟಿವೆ.

ಆದರೆ ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಲೂಡೋದ ದಾಳದ ಬಗ್ಗೆ ಎಚ್ಚರಿಸುವ ಹಿರಿಯರು, ಅದೇ ಮನೆಯ ಹುಡುಗ ಹಾಸಿಗೆಯಲ್ಲಿ ಮಲಗಿ ಫೋನಿನಲ್ಲಿ ರಮ್ಮಿಯನ್ನೋ ಕ್ರಿಕೆಟ್ ಬೆಟ್ಟಿಂಗನ್ನೋ ಆಡುತ್ತಿರುವುದನ್ನು ಕಾಣುವುದಿಲ್ಲ. ಏಕೆಂದರೆ ಅಲ್ಲಿ ದಾಳದ ಸದ್ದಿಲ್ಲ. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಿರಲಿ ಅದೃಷ್ಟದವಿರಲಿ, ಕೇಂದ್ರ ಸರಕಾರವು 2025ರ ಆಗಸ್ಟ್‌ನಲ್ಲಿ ಕಾನೂನು ತಂದು ನಿಷೇಧಿಸಿತು. ಕಾನೂನು ಅಂಗಡಿಯನ್ನು ಮುಚ್ಚಿಸಬಹುದು. ಆದರೆ ಹದಿನೆಂಟರ ಹುಡುಗನಿಗೆ ಮನೆಯಲ್ಲಿ ಆಡಲು ಜೊತೆಗಾರರಿಲ್ಲ ಎಂಬ ಕೊರತೆಯನ್ನು ಯಾವ ಕಾನೂನು ತುಂಬೀತು?

ಹಣದ ಲೆಕ್ಕವನ್ನೂ ಮಾಡಿಬಿಡೋಣ

ಸಿನಿಮಾ ನೋಡುವುದು ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಲೆಕ್ಕಕ್ಕಾಗಿ ಮಾತ್ರ ಅದನ್ನು ತೆಗೆದುಕೊಳ್ಳೋಣ. ಸಿನಿಮಾ ಟಿಕೆಟ್ಟಿನ ದರ, ತೆರಿಗೆ ಬಿಟ್ಟು, 200 ರೂಪಾಯಿ ಮೀರಬಾರದೆಂದು ಕರ್ನಾಟಕ ಸರಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಆ ಮಿತಿ ಜಾರಿಯಲ್ಲಿದ್ದಿದ್ದರೂ ಆರು ಮಂದಿಯ ಕುಟುಂಬಕ್ಕೆ ಟಿಕೆಟ್ಟಿಗೇ 1,200 ರೂಪಾಯಿ. ಆಟೋ ಬಾಡಿಗೆ, ತಿಂಡಿ ತೀರ್ಥ ಬೇರೆ. ದಿನಗೂಲಿಯವನಿಗೆ ಇದು ಎಷ್ಟು ದಿನಗಳ ದುಡಿಮೆ? ಮೂರು ಗಂಟೆ ಕತ್ತಲಲ್ಲಿ ಅಕ್ಕಪಕ್ಕ ಕುಳಿತು, ಒಬ್ಬರ ಮುಖ ಇನ್ನೊಬ್ಬರು ನೋಡದೆ ಎದ್ದು ಬರುವುದಕ್ಕೆ ತೆರುವ ಬೆಲೆ ಇದು. ಮಧ್ಯಮ ಗಾತ್ರದ ಒಂದು ಕೇರಂ ಬೋರ್ಡು ಇದೇ ಹಣದ ಸುತ್ತಮುತ್ತ ಬರುತ್ತದೆ, ಹತ್ತು ಹದಿನೈದು ವರ್ಷ ಬಾಳುತ್ತದೆ.

ಮೊಬೈಲಿನ ಮನರಂಜನೆ ಅಗ್ಗವೆಂದು ಕೆಲವರು ವಾದಿಸುತ್ತಾರೆ. 2016ರ ನಂತರ ನಮ್ಮ ದೇಶದಲ್ಲಿ ಡೇಟಾ ಅಗ್ಗವಾದುದು ನಿಜ. ಆದರೆ ತಲೆಗೊಂದು ಫೋನು, ಫೋನಿಗೊಂದು ರೀಚಾರ್ಜು, ಅದರಲ್ಲಿ ಬರುವ ಜಾಹೀರಾತು ನೋಡಿ ಮಕ್ಕಳು ಹಿಡಿಯುವ ಹಟ, ಇವೆಲ್ಲವನ್ನೂ ಕೂಡಿಸಿ ನೋಡಿದವರು ಅದನ್ನು ಅಗ್ಗವೆನ್ನಲಾರರು. ನಿದ್ದೆ, ಕಣ್ಣು ಮತ್ತು ಓದಿನ ಮೇಲೆ ಬೀಳುವ ಭಾರ ಅದರ ಮೇಲೆ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಸಲಹೆ ನೀಡಿದೆ. ನಮ್ಮ ಮನೆಗಳಲ್ಲಿ ಮಗುವಿನ ಒಂದು ಊಟಕ್ಕೇ ಆ ಒಂದು ಗಂಟೆ ಮುಗಿದಿರುತ್ತದೆ.

ಹಳೆಯ ಆಟಗಳೇನೂ ಹಳಸಿಲ್ಲ

ತುಳುನಾಡಿನಲ್ಲಿ ಚೆನ್ನೆಮಣೆ ಎಂದೂ ಹಳೆ ಮೈಸೂರಿನಲ್ಲಿ ಅಳಿಗುಳಿಮಣೆ ಎಂದೂ ಕರೆಯುವ ಆಟವನ್ನು ನೆನಪಿಸಿಕೊಳ್ಳಿ. ಎರಡು ಸಾಲು, ಸಾಲಿಗೆ 7 ಕುಳಿ, ಕುಳಿಗೆ 4ರಂತೆ ಒಟ್ಟು 56 ಬೀಜ. ದಾಳವಿಲ್ಲ, ಅದೃಷ್ಟದ ಆಸರೆಯಿಲ್ಲ. ಯಾವ ಕುಳಿಯಿಂದ ಎತ್ತಿ ಹಂಚಿದರೆ ಎಲ್ಲಿ ನಿಲ್ಲುತ್ತದೆಂಬ ಲೆಕ್ಕವೇ ಎಲ್ಲ. ಮರದ ಮಣೆ ಇಲ್ಲದವರು ಅಂಗಳದ ಮಣ್ಣಿನಲ್ಲಿ ಕುಳಿ ತೋಡಬಹುದು, ಮನೆಯೊಳಗೆ ಸೀಮೆಸುಣ್ಣದಲ್ಲಿ ವೃತ್ತಗಳನ್ನು ಬರೆಯಬಹುದು. ಮಂಜೊಟ್ಟಿ ಬೀಜ ಸಿಗದಿದ್ದರೆ ಹುಣಸೆ ಬೀಜ ಸಾಕು. ಖರ್ಚು ಸೊನ್ನೆ. ಜಡಿಮಳೆಯ ಆಟಿ ತಿಂಗಳಲ್ಲಿ ಹೊರಗೆ ಕಾಲಿಡಲಾಗದ ದಿನಗಳನ್ನು ಕರಾವಳಿಯ ಮನೆಗಳು ಹೀಗೆಯೇ ಕಳೆಯುತ್ತಿದ್ದವು. ಇದನ್ನು ‘ಇತರರ ಆಟ’ ಎಂದು ದೂರವಿಡುವವರಿಗೆ ಒಂದು ಮಾತು. ಇದೇ ಕುಟುಂಬಕ್ಕೆ ಸೇರಿದ ಆಟವನ್ನು ಅರಬರು ‘ಮನ್‌ಕಲಾ’ ಎನ್ನುತ್ತಾರೆ. 1836ರಲ್ಲಿ ಪ್ರಕಟವಾದ, ಈಜಿಪ್ಟಿನ ಜನಜೀವನವನ್ನು ಕುರಿತ ಎಡ್ವರ್ಡ್ ಲೇನ್‌ರ ಗ್ರಂಥದಲ್ಲಿ ಅದರ ವಿವರವಾದ ವರ್ಣನೆಯಿದೆ.

ಆಡು-ಹುಲಿ ಆಟವೂ ಹಾಗೆಯೇ. ಸಾಮಾನ್ಯವಾಗಿ 3 ಹುಲಿ, 15 ಆಡು. ನೆಲದ ಮೇಲೆ ಗೆರೆ ಎಳೆದು, ಹುಲಿಗೆ ಮೂರು ದೊಡ್ಡ ಕಲ್ಲು, ಆಡಿಗೆ ಹದಿನೈದು ಸಣ್ಣ ಕಲ್ಲು ಇಟ್ಟರೆ ಮುಗಿಯಿತು. ಹುಲಿ ಬಲಶಾಲಿ, ಆದರೆ ಆಡುಗಳು ಒಂದನ್ನೊಂದು ಬಿಡದೆ ನಿಂತರೆ ಅದನ್ನು ಕಟ್ಟಿಹಾಕುತ್ತವೆ. ಒಗ್ಗಟ್ಟಿನ ಬಗ್ಗೆ ನಾವು ಕೊಡುವ ಹತ್ತು ಉಪದೇಶಗಳಿಗಿಂತ ಈ ಒಂದು ಆಟ ಮಗುವಿಗೆ ಹೆಚ್ಚು ಕಲಿಸುತ್ತದೆ. ಇನ್ನು ಕೇರಂ: 9 ಬಿಳಿ, 9 ಕಪ್ಪು, ಒಂದು ಕೆಂಪು. ಎಂಟರ ಮೊಮ್ಮಗಳೂ ಎಪ್ಪತ್ತರ ಅಜ್ಜನೂ ಸಮಾನರಾಗಿ ಕುಳಿತುಕೊಳ್ಳಬಹುದಾದ ಸ್ಥಳ ಮನೆಯಲ್ಲಿ ಇನ್ನೆಲ್ಲಿದೆ? ಮಗು ಪ್ರಾಮಾಣಿಕವಾಗಿ ಸೋಲುವುದನ್ನು, ಗೆದ್ದಾಗ ಸೋತವರ ಮನ ನೋಯಿಸದಿರುವುದನ್ನು ಕಲಿಯಬೇಕಾದುದು ಇಂತಹ ಕಡೆಯಲ್ಲೇ.

ಗೊಂಬೆಗಳ ವಿಷಯ. ಆಯಿಶಾರ(ರ) ಆಟಿಕೆಗಳಲ್ಲಿ ರೆಕ್ಕೆಯುಳ್ಳ ಕುದುರೆಯೊಂದಿತ್ತು, ಅದನ್ನು ಕಂಡು ಪ್ರವಾದಿ(ಸ) ನಕ್ಕಿದ್ದರು. ನಮ್ಮ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆಗಳನ್ನು ಕಡೆಯುವವರಲ್ಲಿ ಮುಸ್ಲಿಂ ಕುಶಲಕರ್ಮಿಗಳ ಕೈಗಳು ತಲೆಮಾರುಗಳಿಂದ ಇವೆ. ಎರಡು ದಿನಕ್ಕೆ ಮುರಿಯುವ ಪ್ಲಾಸ್ಟಿಕ್ ಬಂದೂಕಿನ ಬದಲು ಅಂಥದೊಂದು ಬುಗುರಿಯನ್ನು ಮಗುವಿಗೆ ಕೊಟ್ಟರೆ ನಮ್ಮವರ ಒಲೆಯೂ ಉರಿಯುತ್ತದೆ.

ಕತೆ, ಹಾಡು, ಒಗಟುಗಳನ್ನಂತೂ ನಾವು ಕೈಯಾರೆ ಕಳೆದುಕೊಂಡೆವು. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ‘ಚಕ್ಕೀನಾಮಾ’ ‘ಚರಖಾನಾಮಾ’ ಎಂಬ ದಖನಿ ಹಾಡುಗಳು ಹುಟ್ಟಿದವು. ಹೆಂಗಸರು ಬೀಸುಕಲ್ಲು ತಿರುಗಿಸುತ್ತ, ನೂಲು ತೆಗೆಯುತ್ತ ಅವುಗಳನ್ನು ಹಾಡುತ್ತಿದ್ದರು. ಬೀಸುಕಲ್ಲಿನ ಭಾಗಗಳನ್ನೇ ರೂಪಕವಾಗಿಸಿ ದೇವಸ್ಮರಣೆಯನ್ನು ಕಲಿಸುವ ಹಾಡುಗಳವು. ಕೆಲಸದ ಬೇಸರವೂ ಕಳೆಯಿತು, ಮಡಿಲಲ್ಲಿದ್ದ ಮಗುವಿನ ಕಿವಿಗೆ ಒಳ್ಳೆಯ ಮಾತೂ ಬಿತ್ತು. ಕರಾವಳಿಯ ಬ್ಯಾರಿ ಹೆಂಗಸರಿಗೆ ಮದುವೆಮನೆಯ ಹಾಡುಗಳಿದ್ದವು. ಇವನ್ನು ಬಲ್ಲ ಕೊನೆಯ ತಲೆಮಾರಿನ ದಾದಿಯರು, ನಾನಿಯರು ಇಂದು ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದಾರೆ. ಕೇಳುವವರಿಲ್ಲ.

ಹೊಸದೆಲ್ಲ ಶತ್ರುವಲ್ಲ

ಹಳೆಯದನ್ನು ಹೊಗಳುವ ಭರದಲ್ಲಿ ಹೊಸದನ್ನೆಲ್ಲ ಶಪಿಸುವುದು ನ್ಯಾಯವಲ್ಲ. ರೇಡಿಯೊ ಕೂಡ ಒಂದು ಕಾಲದಲ್ಲಿ ಹೊಸದೇ ಆಗಿತ್ತು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಮುಂದೆ ರೇಡಿಯೊ ಮನೆಮನೆಗೆ ಬಂದಾಗ ಒಂದು ಪೆಟ್ಟಿಗೆಯ ಸುತ್ತ ಇಡೀ ಮನೆ, ಕೆಲವೊಮ್ಮೆ ಇಡೀ ಓಣಿ ಕೂಡುತ್ತಿತ್ತು. ಇಂದು ಮನೆಯಲ್ಲಿ ಐದು ಮಂದಿಗೆ ಐದು ಪೆಟ್ಟಿಗೆಗಳು. ಯಂತ್ರ ಹಳೆಯದೋ ಹೊಸದೋ ಎಂಬುದಕ್ಕಿಂತ, ಅದರ ಸುತ್ತ ಎಷ್ಟು ಮಂದಿ ಕೂಡಿದ್ದಾರೆ ಎಂದು ಕೇಳಬೇಕು.

ಹಾಗೆ ಕೂಡುವುದಾದರೆ ಫೋನಿನಿಂದಲೂ ಉಪಕಾರವಿದೆ. ಅಜ್ಜಿ ಹೇಳುವ ಕತೆಯನ್ನು, ಅವರ ಬಾಲ್ಯದ ಊರನ್ನು, ಅವರು ಬಲ್ಲ ಹಾಡನ್ನು ಮೊಮ್ಮಕ್ಕಳು ಅದೇ ಫೋನಿನಲ್ಲಿ ಧ್ವನಿಮುದ್ರಿಸಲಿ. ವಾರಕ್ಕೊಂದು ಸಂಜೆ ಇದಕ್ಕೆ ಮೀಸಲಾಗಲಿ, ವರ್ಷ ಕಳೆಯುವಷ್ಟರಲ್ಲಿ ಮನೆಯದೇ ಒಂದು ಚರಿತ್ರೆ ಸಿದ್ಧವಾಗಿರುತ್ತದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಮಕ್ಕಳ ಸಚಿತ್ರ ಕತೆಗಳು ಕನ್ನಡದಲ್ಲಿ ಉಚಿತವಾಗಿವೆ, ತಾಯಿ ಓದಿ ಹೇಳಬಹುದು, ಓದಲು ಕಲಿತ ಮಗು ತಾಯಿಗೇ ಓದಿ ಹೇಳಬಹುದು. ಚಂದ್ರದರ್ಶನವನ್ನು ರಮಝಾನ್ ಮತ್ತು ಈದ್‌ಗಷ್ಟೇ ಸೀಮಿತಗೊಳಿಸದೆ ಪ್ರತಿ ತಿಂಗಳೂ ಮಹಡಿ ಹತ್ತಿ ಹೊಸ ಚಂದ್ರನನ್ನು ಹುಡುಕುವ ಪದ್ಧತಿಯನ್ನು ಮನೆಯಲ್ಲಿಡಬಹುದು. ಪಡುವಣದಲ್ಲಿ ಎಲ್ಲಿ ನೋಡಬೇಕೆಂದು ತೋರಿಸುವ ಉಚಿತ ಆ್ಯಪ್‌ಗಳಿವೆ. ಮೊದಲು ಕಂಡವರಿಗೆ ಒಂದು ಖರ್ಜೂರ ಬಹುಮಾನವಾಗಿ ಸಿಕ್ಕರೂ ಮಕ್ಕಳಿಗೆ ಅದು ಹಬ್ಬವೇ.

ಪುಸ್ತಕ ಕೊಳ್ಳಲಾಗದವರಿಗೂ ದಾರಿಯಿದೆ. ನಮ್ಮ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಬೊಳುವಾರು ಮಹಮದ್ ಕುಂಞಿಯವರು ಮಕ್ಕಳಿಗಾಗಿ ಬರೆದ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿತು. ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ದೊರೆಯಿತು. ನಮ್ಮ ಮನೆಗಳ ಒಳಗನ್ನು ಕಂಡು ಬರೆದ ಕತೆಗಳನ್ನು ಜಗತ್ತು ಓದುತ್ತಿರುವಾಗ ಅವು ನಮ್ಮ ಮನೆಗಳಲ್ಲೇ ಇಲ್ಲವೆಂದರೆ ನಾಚಿಕೆಯ ಸಂಗತಿ.

ಯಾರ ಮನೆ, ಯಾರ ವಿರಾಮ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮನೆಯ ಮನರಂಜನೆಯನ್ನು ‘ಸಣ್ಣ ವಿಷಯ’ ಎಂದು ತಳ್ಳಿಹಾಕುವವರು ಬಹುತೇಕ ಗಂಡಸರು. ಏಕೆಂದರೆ ಅವರಿಗೆ ಬೇರೆ ಜಾಗಗಳಿವೆ. ಗಂಡಸರಿಗೆ ಚಹಾದಂಗಡಿಯ ಬೆಂಚಿದೆ, ಹುಡುಗರಿಗೆ ಕ್ರಿಕೆಟ್ಟಿನ ಮೈದಾನವಿದೆ. ಹತ್ತು ಹನ್ನೆರಡು ದಾಟಿದ ಹುಡುಗಿಗೆ? ಮದುವೆಯಾಗಿ ಬಂದ ಸೊಸೆಗೆ? ಬೇಸಿಗೆ ರಜೆಯ ಎರಡು ತಿಂಗಳು ಮಗ ಬೀದಿಯಲ್ಲಿ ಆಡಿಕೊಂಡಿರುತ್ತಾನೆ, ಮಗಳು ಪಾತ್ರೆ ತೊಳೆಯುವುದಕ್ಕೂ ಫೋನು ನೋಡುವುದಕ್ಕೂ ನಡುವೆ ದಿನ ಕಳೆಯುತ್ತಾಳೆ. ಈದ್‌ನ ದಿನ ಎಲ್ಲರೂ ಹೊಸ ಬಟ್ಟೆ ತೊಟ್ಟು ನಗುತ್ತಿರುವಾಗ ಉಮ್ಮ ಬಿರಿಯಾನಿಯ ಹೊಗೆಯಲ್ಲಿರುತ್ತಾರೆ. ಹೆಣ್ಣುಮಕ್ಕಳಿಗೆ ಮನೆಯೇ ಸುರಕ್ಷಿತ ಎಂದು ಸಾರುವವರು ಆ ಮನೆಯನ್ನು ಅವರಿಗೆ ಸಂತೋಷದ ತಾಣವಾಗಿಸುವ ಹೊಣೆಯನ್ನೂ ಹೊರಬೇಕಲ್ಲವೇ? ಈದ್‌ನ ದಿನ ಪತ್ನಿಗೆ ಸಾಕೆನಿಸುವ ತನಕ ಹೆಗಲು ಕೊಟ್ಟು ನಿಂತ ಪ್ರವಾದಿಯ(ಸ) ಅನುಯಾಯಿಗಳು ನಾವು. ಅಂದು ಅಡುಗೆಮನೆಯಲ್ಲಿ ಅರ್ಧ ಕೆಲಸವನ್ನು ಗಂಡಸರು ಹಂಚಿಕೊಂಡರೆ, ಸಂಜೆ ಕೇರಂ ಬೋರ್ಡಿನ ನಾಲ್ಕನೆಯ ಬದಿಯಲ್ಲಿ ಉಮ್ಮನೂ ಕುಳಿತುಕೊಳ್ಳಬಹುದು. ತಾಯಿ ದುಡಿಯುತ್ತಲೇ ಇದ್ದು ಉಳಿದವರು ಆಡುವುದಾದರೆ ಅದನ್ನು ಕುಟುಂಬದ ಮನರಂಜನೆ ಎನ್ನಲಾಗದು.

ಸಮಯವೆಲ್ಲಿದೆ ಎಂಬುದು ಕೆಲವರ ಆಕ್ಷೇಪ. ರಾತ್ರಿ ಒಂದೂವರೆ ಗಂಟೆ ರೀಲ್ಸ್ ನೋಡುವವರಿಗೆ ಈ ಆಕ್ಷೇಪದ ಹಕ್ಕಿಲ್ಲ. ಮನೆ ಚಿಕ್ಕದು ಎಂಬುದು ಇನ್ನು ಕೆಲವರ ಮಾತು. ಒಗಟಿಗೆ ಎಷ್ಟು ಚದರಡಿ ಬೇಕು? ಹದಿಹರೆಯದ ಮಕ್ಕಳು ಜೊತೆಗೆ ಕೂರುವುದಿಲ್ಲ ಎಂಬ ಅಳಲಿನಲ್ಲಿ ಮಾತ್ರ ಸತ್ಯವಿದೆ. ಅವರು ಮೊದಲ ದಿನ ಕೂರಲಾರರು. ನಾಲ್ಕು ವರ್ಷದವರಿದ್ದಾಗ ‘ಆಡೋಣ ಬಾ ಅಬ್ಬಾ’ ಎಂದು ಕರೆದದ್ದು ಅವರೇ. ಆಗ ಅವರ ಕೈಗೆ ಫೋನು ಕೊಟ್ಟು ಸುಮ್ಮನಾಗಿಸಿದವರು ಈಗ ಕೆಲವು ವಾರ ತಾಳ್ಮೆಯಿಂದ ಕಾಯಬೇಕಾಗುತ್ತದೆ. ಆಜ್ಞೆಯಿಂದ ಅವರು ಬರುವುದಿಲ್ಲ. ಹಿರಿಯರು ನಿಜವಾಗಿ ನಗುತ್ತ ಆಡುತ್ತಿರುವುದು ಕಂಡರೆ ಬರುತ್ತಾರೆ.

ಹೆತ್ತವರೇ, ದೊಡ್ಡ ಯೋಜನೆಗಳೇನೂ ಬೇಡ. ಮಗ್ರಿಬ್‌ನಿಂದ ಇಶಾದವರೆಗಿನ ಹೊತ್ತಿನಲ್ಲಿ ಮಕ್ಕಳ ಪಾಠ ಮುಗಿದ ಮೇಲೆ ಉಳಿಯುವ ಅರ್ಧ ಗಂಟೆ, ಅಥವಾ ವಾರಕ್ಕೊಂದು ರಾತ್ರಿ ಸಾಕು. ಫೋನುಗಳೆಲ್ಲ ಒಂದು ಬುಟ್ಟಿಗೆ ಹೋಗಲಿ, ತಂದೆಯದು ಮೊದಲು ಹೋಗಲಿ. ಅಟ್ಟದ ಮೇಲಿನ ಕೇರಂ ಬೋರ್ಡು ಕೆಳಗಿಳಿಯಲಿ. ಅಜ್ಜಿಯನ್ನು ಮೂಲೆಯಿಂದ ನಡುಮನೆಗೆ ಕರೆತನ್ನಿ. ಮಕ್ಕಳ ಮುಖದ ನಗುವಿಗಾಗಿ ಸುಜೂದನ್ನೇ ದೀರ್ಘಗೊಳಿಸಿದ ಪ್ರವಾದಿಯ(ಸ) ಮಾದರಿಯನ್ನು ನಮ್ಮ ಮನೆಗಳಲ್ಲಿ ಜೀವಂತಗೊಳಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ.